ಕಣ್ಣಣ್ಣನ ಎದುರು

ನವೆಂಬರ್ ೪, ಸೋಮವಾರ

ಬೆಳಿಗ್ಗೆ ಹೋಗುವಾಗ ಭಾಷೆ ಪಾಠದವಳಾಗಿದ್ದೆ, ಸಂಜೆ ಬರುವಾಗ ಕಂಪ್ಯೂಟರಿನವಳಾಗಿದ್ದೇನೆ. ಹೆಡ್‌ಮಾಸ್ತರು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಲೆಕ್ಕದ ಮಾಸ್ತರಿಗೆ ಕೆಮ್ಮು ಬಂತು. ವಿಜ್ಞಾನದವರು ಬ್ಯಾಗಿನೊಳಗೆ ತಲೆ ಹಾಕಿದರು. ನಾನು ತಲೆ ತಗ್ಗಿಸುವುದು ಒಂಚೂರು ತಡವಾಯಿತು, ಅಷ್ಟೇ. “ನೀವು ಟೈಪಿಂಗ್ ಕಲಿತೋರಲ್ವಾ?” ಅಂದರು. ಮದುವೆಗೆ ಮುಂಚೆ ಕಲಿತದ್ದು. ಆ ಮೆಷಿನ್ ಈಗ ಗುಜರಿಯಲ್ಲೂ ಸಿಗಲಿಕ್ಕಿಲ್ಲ.

ವಿಷಯ ಮಾತ್ರ ನಗುವಂಥದ್ದಲ್ಲ. ಆರನೇ ತರಗತಿಯ ವಾರ್ಷಿಕ ಪರೀಕ್ಷೆ ಈ ಸಲ ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಕಳೆದ ವರ್ಷ ಪ್ರಯೋಗಕ್ಕೆಂದು ನಡೆಸಿದಾಗ ನಮ್ಮ ಶಾಲೆ ಎಲ್ಲರಿಗಿಂತ ಕೆಳಗಿತ್ತು. ಈ ಸಲವೂ ಹಾಗಾದರೆ ಮಾಧ್ಯಮಿಕ ತರಗತಿಗಳನ್ನು ಮುಚ್ಚಿ, ಮಕ್ಕಳನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ಆ ಹೆದ್ದಾರಿ ದಾಟುವುದೆಂದರೆ ದೊಡ್ಡವರಿಗೇ ಜೀವ ಬಾಯಿಗೆ ಬರುತ್ತದೆ.

ಕೋಣೆ ತೋರಿಸಿದರು. ಓಣಿಯಂಥ ಕಾರಿಡಾರಿನ ಕೊನೆಯಲ್ಲಿ, ಮೊದಲು ಲೈಬ್ರರಿ ಇದ್ದದ್ದು. ಪುಸ್ತಕಗಳು ಮೂಟೆಯಲ್ಲಿ ಮೆಟ್ಟಿಲ ಕೆಳಗೆ ಕೂತಿವೆ. ಪರದೆಯ ಮೇಲೆ ಬಿಸಿಲು ಬೀಳಬಾರದೆಂದು ಕಿಟಕಿಗಳಿಗೆ ಕಪ್ಪು ಹಾಳೆ ಅಂಟಿಸಿ ಮೊಳೆ ಹೊಡೆದಿದ್ದಾರೆ. ಇರುವುದೊಂದೇ ಬಾಗಿಲು. ಒಳಗೆ ಹೋದರೆ ಹೊತ್ತು ತಿಳಿಯುವುದಿಲ್ಲ.

ನನ್ನ ಮಗಳೂ ಅದೇ ಆರನೇ ತರಗತಿ. ಮನೆಯಲ್ಲೂ ಶಾಲೆಯಲ್ಲೂ ಅವಳಿಗೆ ಗಿಣಿ ಎಂದೇ ಹೆಸರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ, ಸೋಪಿನ ಪೊಟ್ಟಣವನ್ನೂ ಬಿಡುವುದಿಲ್ಲ. ಅತ್ತೆಯ ಕಣ್ಣು ಮಂಜಾದ ಮೇಲೆ ದಿನಾ ಸಂಜೆ ಅವರಿಗೆ ಪೇಪರ್ ಓದುವ ಕೆಲಸ ಅವಳದೇ. ಇವತ್ತು ಪೇಪರ್ ಮಡಿಸಿ, “ಅಜ್ಜೀ, ಅಮ್ಮ ಕಂಪ್ಯೂಟರ್ ಆಗ್ಬಿಟ್ಳು” ಅಂದಳು. ಅತ್ತೆ, “ಮೊದಲೇ ಹೇಳಿದ್ದು ತಲೆಗೆ ಹೋಗಲ್ಲ, ಇನ್ನು ಮೇಲೆ ಗುಂಡಿ ಒತ್ತಿ ಹೇಳ್ಬೇಕೋ ಏನೋ” ಅಂದರು. ಇವರು ಬಸ್ಸಿನ ಡ್ಯೂಟಿ ಮುಗಿಸಿ ಆಗತಾನೆ ಬಂದಿದ್ದರು. ಷೂ ಬಿಚ್ಚುತ್ತಾ ನಕ್ಕರು.

ನವೆಂಬರ್ ೬, ಬುಧವಾರ

ನಕ್ಕು ನಕ್ಕು ಪಕ್ಕೆ ನೋವು. ಮಕ್ಕಳಿಗೆ ಫೋನು ಗೊತ್ತು, ಕಂಪ್ಯೂಟರ್ ಗೊತ್ತಿಲ್ಲ. ಎಲ್ಲರೂ ಬಂದವರೇ ಪರದೆಯನ್ನು ಬೆರಳಿನಿಂದ ಉಜ್ಜತೊಡಗಿದರು. ಮೌಸ್ ಮೇಲಕ್ಕೆ ಸರಿಸು ಅಂದರೆ ಗುಂಡ ಅದನ್ನು ಎತ್ತಿ ಗಾಜಿಗೆ ಹಿಡಿದ. ಗುಂಡ ಅಂದರೆ ನಮ್ಮ ತರಗತಿಯ ದುಂಡು ಹುಡುಗ. ಅಮ್ಮ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ, ಶಾಲೆಯಲ್ಲಿ ಇಸ್ತ್ರಿಯ ಗೆರೆ ನೆಟ್ಟಗಿರುವ ಅಂಗಿ ಅವನೊಬ್ಬನದೇ. “ಟೀಚರ್, ಇದು ಒಳಗೆ ಹೋಗ್ತಿಲ್ಲ” ಅಂದ. ಬೆಕ್ಕಿನ ಬೆನ್ನು ಸವರೋ ಹಾಗೆ ಹಿಡಿ ಅಂದೆ. ಆಮೇಲೆ ಇಡೀ ತರಗತಿ ಮೌಸಿಗೆ ಮಿಯಾಂವ್ ಅಂತ ಮಾತಾಡಿಸಿಕೊಂಡೇ ಕಲಿಯಿತು.

ಗದ್ದಲ ಕೇಳಿ ಹೆಡ್‌ಮಾಸ್ತರು ಇಣುಕಿ ಹೋದರು.

ನವೆಂಬರ್ ೧೪, ಗುರುವಾರ

ಕಳೆದ ವರ್ಷ ನಮ್ಮ ಮಕ್ಕಳು ಯಾಕೆ ಸೋತರೆಂದು ಗೊತ್ತಾಯಿತು. ಪ್ರಶ್ನೆ ಪರದೆಯ ತಳಕ್ಕೆ ಬಂದಲ್ಲಿಗೇ ಮುಗಿಯಿತೆಂದು ತಿಳಿದಿದ್ದರು. ಕೆಳಗೆ ಸರಿಸಿದರೆ ಇನ್ನೂ ಇದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಗೊತ್ತಿದ್ದ ಉತ್ತರಗಳೆಲ್ಲ ಪರದೆಯ ಕೆಳಗೆ ಹೂತುಹೋದವು. ಪಾಪ, ಬೇಗ ಮುಗಿಯಿತೆಂದು ಖುಷಿಯಲ್ಲಿ ಎದ್ದು ಬಂದಿದ್ದರಂತೆ.

ಈಗ ಎಲ್ಲರಿಗೂ ಸರಿಸುವುದು ಬರುತ್ತದೆ. ಉತ್ತರವನ್ನು ಎಳೆದು ಚೌಕದೊಳಗೆ ಬಿಡುವುದು ಬರುತ್ತದೆ. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಗೋಳು ಇನ್ನೂ ಇದೆ. ‘ಸಲ್ಲಿಸು’ ಗುಂಡಿಯನ್ನು ಕೊನೆಗೊಮ್ಮೆ ಮಾತ್ರ ಒತ್ತಬೇಕೆಂದು ಹಾಡು ಕಟ್ಟಿ ಹೇಳಿಕೊಟ್ಟೆ. ಗಿಣಿ ಮನೆಯಲ್ಲೂ ಅದನ್ನೇ ಹಾಡುತ್ತಾಳೆ. ಅತ್ತೆಗೂ ಬಾಯಿಗೆ ಬಂದಿದೆ.

ಇದು ಆಗದ ಕೆಲಸವೇನಲ್ಲ ಅನ್ನಿಸುತ್ತಿದೆ.

ನವೆಂಬರ್ ೨೨, ಶುಕ್ರವಾರ

ಪರೀಕ್ಷೆ ನಡೆಸುವ ಕಂಪನಿಯಿಂದ ತರಬೇತಿಯವಳು ಬಂದಿದ್ದಳು. ಚಿಕ್ಕ ವಯಸ್ಸು, ಮೆಲುದನಿ. ಪ್ರತಿ ಕಂಪ್ಯೂಟರಿನ ನೆತ್ತಿಗೂ ಒಂದು ಕ್ಯಾಮೆರಾ ಸಿಕ್ಕಿಸಿದಳು. ನಕಲು ತಡೆಯಲು ಮೇಲ್ವಿಚಾರಕರು ಬೇಕಿಲ್ಲ, ಇದೇ ನೋಡಿಕೊಳ್ಳುತ್ತದೆ ಅಂದಳು. ಕಣ್ಣು ಪರದೆ ಬಿಟ್ಟು ಆಚೀಚೆ ಹೋದರೆ ಪರದೆಯ ಸುತ್ತ ಹಳದಿ ಗೆರೆ ಬರುತ್ತದೆ. ತಲೆ ತಿರುಗಿದರೂ ಹಳದಿ, ಕೈ ಎತ್ತಿದರೂ ಹಳದಿ. ಹಾಗೇ ಮುಂದುವರಿದರೆ ಗೆರೆ ಕೆಂಪಾಗಿ ಪ್ರಶ್ನೆಪತ್ರಿಕೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆಯುವುದಿಲ್ಲ.

ಮಗುವಿಗೆ ಏನಾದರೂ ತೊಂದರೆಯಾದರೆ ನನಗೆ ಹೇಳುವುದು ಹೇಗೆ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಅಂಥದ್ದು ಬರದ ಹಾಗೆ ಮೊದಲೇ ತಯಾರು ಮಾಡಿರ್ಬೇಕು ಮೇಡಂ” ಅಂದಳು.

ಮಕ್ಕಳು ಕ್ಯಾಮೆರಾಕ್ಕೆ ಕಣ್ಣಣ್ಣ ಎಂದು ಹೆಸರಿಟ್ಟರು. ಗುಂಡ ಅದಕ್ಕೆ ನಮಸ್ಕಾರ ಹೇಳಿದ್ದೇ ತಡ, ಹಳದಿ ಬಂತು. ಎಲ್ಲರೂ ನಕ್ಕರು, ಎಲ್ಲರ ಪರದೆಯೂ ಹಳದಿಯಾಯಿತು. ತರಬೇತಿಯವಳು ನಗಲಿಲ್ಲ.

ಗಿಣಿಯದು ಎಲ್ಲರಿಗಿಂತ ಮೊದಲು ಕೆಂಪಾಯಿತು. ಓದುವಾಗ ಅವಳ ತುಟಿ ಅಲುಗುತ್ತದೆ. ಕಣ್ಣಣ್ಣನ ಲೆಕ್ಕದಲ್ಲಿ ಅದು ಮಾತಾಡಿದ ಹಾಗೆ.

ನವೆಂಬರ್ ೨೮, ಗುರುವಾರ

ಕುರ್ಚಿಗಳಿಗೆ ನಂಬರ್ ಬರೆಸಿದೆ. ಹೆಸರು ಕೂಗಿದರೆ ಮಕ್ಕಳು ತಟ್ಟನೆ ತಿರುಗುತ್ತಾರೆ, ನಂಬರಾದರೆ ಅಷ್ಟು ಒಗ್ಗಿರುವುದಿಲ್ಲ. ಗಿಣಿಗೆ ಏಳನೇ ಕುರ್ಚಿ ಬಂತು. “ಟೀಚರ್, ಏಳು ಅಂದ್ರೆ ನಾನು ಏಳ್ಬೇಕಾ, ಕೂತಿರ್ಬೇಕಾ?” ಅಂದಳು. ಶಾಲೆಯಲ್ಲಿ ಅವಳು ನನ್ನನ್ನು ಟೀಚರ್ ಅಂತಲೇ ಕರೆಯುತ್ತಾಳೆ. ತರಗತಿ ಗೊಳ್ಳೆಂದಿತು. ನನಗೂ ನಗು ತಡೆಯಲಿಲ್ಲ.

ಹೊಸ ಆಟ ಶುರುವಾಗಿದೆ. ಅವರು ಪರದೆ ನೋಡುತ್ತಿರುವಾಗ ನಾನು ಹಿಂದಿನಿಂದ ಡಸ್ಟರ್ ಬೀಳಿಸುತ್ತೇನೆ, ಬಾಗಿಲು ಬಡಿಯುತ್ತೇನೆ, “ಅಯ್ಯೋ, ಯಾರದು ಈ ಪೆನ್ನು” ಅನ್ನುತ್ತೇನೆ. ತಿರುಗಿದವರು ಔಟ್. ಉಳಿದವರಿಗೆ ಚಪ್ಪಾಳೆ. ಆಟವೆಂದರೆ ಮಕ್ಕಳು ಜೀವ ಬಿಡುತ್ತಾರೆ.

ಡಿಸೆಂಬರ್ ೫, ಗುರುವಾರ

ಮೊದಲ ಅಣಕು ಪರೀಕ್ಷೆಯಲ್ಲಿ ಅರ್ಧ ತರಗತಿ ಕೆಂಪು.

ಹೆಡ್‌ಮಾಸ್ತರು ಬಾಗಿಲು ಹಾಕಿಕೊಂಡು ಮಾತಾಡಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಹೆದ್ದಾರಿಯಾಚೆಯ ಶಾಲೆಯವರು ಬಂದು ನಮ್ಮ ಬೆಂಚುಗಳನ್ನು ಅಳೆದುಕೊಂಡು ಹೋದರಂತೆ. “ಮಕ್ಕಳಿಗೆ ಎಲ್ಲ ಬರುತ್ತೆ, ಆದ್ರೆ ಸುಮ್ನೆ ಕೂರಕ್ಕೆ ಬರಲ್ಲ. ಅದೊಂದು ನಿಮ್ಮ ಕೈಯಲ್ಲಿದೆ” ಅಂದರು.

ಹೌದು, ನನ್ನ ಕೈಯಲ್ಲಿದೆ. ಇಷ್ಟು ದಿನ ಆಟ ಆಡಿಸಿದ್ದು ಸಾಕು.

ಡಿಸೆಂಬರ್ ೧೧, ಬುಧವಾರ

ತುಟಿಗೆ ಉಪಾಯ ಸಿಕ್ಕಿದೆ. ಕಾಗದದ ಸಣ್ಣ ಚೂರನ್ನು ತುಟಿಗಳ ನಡುವೆ ಇಟ್ಟುಕೊಂಡು ಓದಬೇಕು. ಚೂರು ಬಿದ್ದರೆ ಮೊದಲಿನಿಂದ. ಏಳನೇ ಕುರ್ಚಿ ಬೆಳಿಗ್ಗೆಯೆಲ್ಲ ಬೀಳಿಸುತ್ತಲೇ ಇತ್ತು, ಕೊನೆಯ ಪೀರಿಯಡ್‌ನಲ್ಲಿ ನಿಂತಿತು. ತುಟಿಗೆ ಕಾಗದ ಅಂಟಿಕೊಂಡು ಬಿಡಿಸುವಾಗ ಒಂಚೂರು ರಕ್ತ ಬಂತು. ಬೆಣ್ಣೆ ಸವರಿದೆ.

ಡಿಸೆಂಬರ್ ೧೩, ಶುಕ್ರವಾರ

ಉದ್ದ ಜಡೆಯ ಹುಡುಗಿಯ ಅಪ್ಪ ಬಂದು, ನನ್ನ ಮಗಳ ಬಾಯಿಗೆ ಕಾಗದ ಇಡೋದು ಬೇಡ ಅಂದರು. ಪರೀಕ್ಷೆಗೆ ಬೇಕು ಅಂದೆ. ಹಾಗಾದ್ರೆ ಪರೀಕ್ಷೆಯೇ ಬೇಡ ಎಂದು ಟಿ.ಸಿ. ತೆಗೆದುಕೊಂಡು ಹೋದರು. ಆ ಹುಡುಗಿ ಹೇಗೂ ಯಾವಾಗಲೂ ಹಳದಿ. ಕುರ್ಚಿ ಖಾಲಿಯಾಯಿತು, ಸರಾಸರಿ ಏರಿತು.

ಡಿಸೆಂಬರ್ ೧೮, ಬುಧವಾರ

ಎರಡನೇ ಅಣಕು ಪರೀಕ್ಷೆ. ಒಂದೂ ಕೆಂಪಿಲ್ಲ.

ಸಂಜೆ ಮನೆಯಲ್ಲಿ ಮಾತು ಬಂತು. ಗಿಣಿ ಪೇಪರ್ ಹಿಡಿದು ಅಜ್ಜಿಯ ಪಕ್ಕ ಕೂತಿದ್ದಳು. ಕಣ್ಣು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಅತ್ತೆ ಕಾದರು, ಕಾದರು. ಕೊನೆಗೆ ಕೈಯಾಡಿಸಿ ಅವಳ ಮುಖ ಮುಟ್ಟಿ ನೋಡಿ, “ಓದ್ತಿದೀಯೇನೇ?” ಅಂದರು. ಅವಳು ತಲೆ ಆಡಿಸಿದಳು. ಕಣ್ಣು ಕಾಣದವರಿಗೆ ತಲೆ ಆಡಿಸಿದರೆ ಏನು ಬಂತು?

ಅತ್ತೆ ನನ್ನ ಕಡೆ ತಿರುಗಿ, “ಮನೇಲಿ ಒಂದು ಗಿಣಿ ಇತ್ತು. ಅದರ ಬಾಯಿ ಯಾರು ಹೊಲಿದ್ರು?” ಅಂದರು. ಅತ್ತೆಯ ಮಾತೇ ಹಾಗೆ, ಇದ್ದದ್ದಕ್ಕೆ ಎರಡು ಸೇರಿಸುತ್ತಾರೆ. ಮಗು ದೊಡ್ಡದಾಗುತ್ತಿದೆ, ದೊಡ್ಡವರು ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ ಎಂದು ಹೇಳಿದೆ. ಪರೀಕ್ಷೆ ಮುಗಿಯುವ ತನಕ ರೇಡಿಯೋ ಕೇಳಲಿ ಎಂದು ಹಚ್ಚಿಕೊಟ್ಟೆ.

ಜನವರಿ ೮, ಬುಧವಾರ

ಪಿ.ಟಿ. ಮಾಸ್ತರು ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೆ ಬಂದು ಕೂತರು. ಮೈದಾನದಲ್ಲಿ ಸೀಟಿ ಊದಿದರೆ ಆರನೇ ತರಗತಿ ಓಡುವುದಿಲ್ಲವಂತೆ. ಚೆಂಡು ಎಸೆದರೆ ಹಿಡಿಯುವುದಿಲ್ಲ, ಅದು ಎದೆಗೆ ಬಡಿದು ಬೀಳುತ್ತದೆ. “ಹೊಡೀತೀನಿ ಅಂತ ಕೈ ಎತ್ತಿದ್ರೂ ಕಣ್ಣು ಮಿಟುಕಿಸಲ್ಲ ಕಣ್ರೀ. ನಂಗೇ ಭಯ ಆಯ್ತು” ಅಂದರು.

ಏಕಾಗ್ರತೆ ಅಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಅವರ ಕಾಲದಲ್ಲಿ ಗಲಾಟೆಗೇ ಉತ್ಸಾಹ ಅನ್ನುತ್ತಿದ್ದರು. ನಮ್ಮ ಕೋಣೆಯಲ್ಲಿ ಈಗ ಫ್ಯಾನಿನ ಸದ್ದು ಮತ್ತು ಮೌಸಿನ ಟಿಕ್ ಟಿಕ್ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ನಿಜ ಹೇಳಬೇಕೆಂದರೆ ಇಡೀ ಶಾಲೆಯಲ್ಲಿ ಮನಸ್ಸಿಗೆ ನೆಮ್ಮದಿ ಸಿಗುವ ಜಾಗ ಅದೊಂದೇ.

ಜನವರಿ ೧೬, ಗುರುವಾರ

ಇವತ್ತು ಕಷ್ಟದ ಪರೀಕ್ಷೆ ಇಟ್ಟಿದ್ದೆ. ಅವರು ಉತ್ತರ ಬರೆಯುತ್ತಿರುವಾಗ ಹಿಂದೆ ನಿಂತು, “ಗಂಟೆ ಹೊಡೀತು, ಎಲ್ಲ ಏಳಿ, ಮನೆಗೆ ಹೋಗಿ” ಅಂದೆ. ಯಾರೂ ಏಳಲಿಲ್ಲ. “ಹಾವು” ಅಂದೆ. ಇಲ್ಲ. ಹಳೆಯ ಗಾಜಿನ ಲೋಟ ನೆಲಕ್ಕೆ ಒಗೆದೆ. ಚೂರು ಸಿಡಿದು ಹನ್ನೆರಡನೇ ಕುರ್ಚಿಯ ಕಾಲಿಗೆ ತಾಗಿತು, ಅದೂ ಅಲುಗಲಿಲ್ಲ. ಕೊನೆಗೆ ಅಳುವ ದನಿ ಮಾಡಿ, “ಗಿಣೀ, ಅಜ್ಜಿಗೆ ಏನೋ ಆಗಿದೆಯಂತೆ, ಬೇಗ ಬಾ” ಅಂದೆ. ಅವಳ ಬೆರಳು ಮೌಸಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮುಂದಿನ ಪ್ರಶ್ನೆಗೆ ಸರಿಯಿತು. ಒಂದು ಹಳದಿಯೂ ಇಲ್ಲ.

ಮನೆಗೆ ಬಂದವಳೇ ನೇರ ಅಜ್ಜಿಯ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತಳು. ಅತ್ತೆ ಮಂಚದ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಬಹಳ ಹೊತ್ತು ನೋಡಿ ಬಟ್ಟೆ ಬದಲಿಸಲು ಹೋದಳು.

ಮರೆತಿದ್ದೆ. ಹದಿನೆಂಟನೇ ಕುರ್ಚಿ ಕೂತಲ್ಲೇ ಒದ್ದೆ ಮಾಡಿಕೊಂಡಿದ್ದ. ಗುಂಡ. ಎದ್ದು ಹೋಗಬಹುದಿತ್ತು, ಕೈ ಎತ್ತಬಹುದಿತ್ತು, ಅಭ್ಯಾಸವಷ್ಟೇ ತಾನೇ. ಆದರೆ ಕೊನೆಯ ಪ್ರಶ್ನೆಯವರೆಗೂ ಮುಗಿಸಿ ‘ಸಲ್ಲಿಸು’ ಒತ್ತಿದ. ಎಲ್ಲರೂ ಹೋದ ಮೇಲೆ ನಾನೇ ನೆಲ ಒರೆಸಿದೆ. ಪೂರ್ಣ ಅಂಕ ಬಂದಿದೆ ಅವನಿಗೆ.

ಜನವರಿ ೨೭, ಸೋಮವಾರ

ನಾಳೆ ಪರೀಕ್ಷೆ. ತರಬೇತಿಯವಳು ಬಂದು ಕೊನೆಯ ಸಲ ಎಲ್ಲ ನೋಡಿದಳು. ಕರೆಂಟು ಹೋದರೂ ನಿಲ್ಲಬಾರದೆಂದು ಮುಂದಿನ ಮೂಲೆಯಲ್ಲಿ, ಹದಿನೆಂಟನೇ ಕುರ್ಚಿಯ ಮೇಜಿನ ಕೆಳಗೆ ದೊಡ್ಡ ಬ್ಯಾಟರಿ ಪೆಟ್ಟಿಗೆ ಇಟ್ಟಿದ್ದಾರೆ. ಎಲ್ಲ ತಂತಿಗಳೂ ಅದಕ್ಕೇ. ಪರೀಕ್ಷೆಯ ಹೊತ್ತಿನಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಬೇಕಂತೆ, ಕಾರಿಡಾರಿನಲ್ಲಿ ಪಿ.ಟಿ. ಮಾಸ್ತರು ಕಾವಲು. ನಾನು ಒಳಗೆ, ಮಕ್ಕಳ ಕಣ್ಣಿಗೆ ಬೀಳದ ಹಾಗೆ, ಹಿಂದಿನ ಗೋಡೆಗೆ ಒರಗಿ ನಿಂತಿರಬೇಕು.

ಮಕ್ಕಳಿಗೆ ಕೊನೆಯ ಮಾತು ಹೇಳಿದೆ. ಏನೇ ಕೇಳಿಸಲಿ, ಯಾರೇ ಕರೆಯಲಿ, ನಾನೇ ಕರೆಯಲಿ, ಕಣ್ಣು ಕದಲಬಾರದು. ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅಂದೆ. ಯಾರಿಗೂ ಇರಲಿಲ್ಲ.

ಜನವರಿ ೨೮, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ಮೊದಲರ್ಧ ಚೆನ್ನಾಗಿ ಹೋಯಿತು. ಅಷ್ಟು ಚೆನ್ನಾಗಿ ಯಾವ ಅಭ್ಯಾಸದಲ್ಲೂ ಹೋಗಿರಲಿಲ್ಲ. ಆಮೇಲೆ ಮುಂದಿನ ಮೂಲೆಯಿಂದ ಏನೋ ಹುರಿಯುವಂಥ ಸದ್ದು ಬಂತು. ಪ್ಲಾಸ್ಟಿಕ್ ಕರಗುವ ವಾಸನೆ. ಹದಿನೆಂಟನೇ ಕುರ್ಚಿಯ ಮೇಜಿನ ಕೆಳಗಿಂದ ಹೊಗೆ ನೆಲ ಹಿಡಿದು ಹರಿಯತೊಡಗಿತು, ಮಕ್ಕಳ ಚಪ್ಪಲಿಗಳನ್ನು ಸುತ್ತಿಕೊಂಡು ಹಿಂದಕ್ಕೆ ಬಂತು.

“ಏಳಿ, ಎಲ್ಲ ಹೊರಗೆ ನಡೀರಿ” ಅಂದೆ. ಯಾರೂ ಅಲುಗಲಿಲ್ಲ. ಮತ್ತೆ ಕೂಗಿದೆ. ಕೆಲವರ ಭುಜ ಬಿಗಿಯಾಯಿತು. ಅಭ್ಯಾಸದಲ್ಲೂ ಹಾಗೇ, ನಾನು ದನಿ ಎತ್ತಿದಷ್ಟೂ ಅವರು ಬಿಗಿಯಾಗುತ್ತಿದ್ದರು. ಎಲ್ಲರ ಬೆನ್ನೂ ಒಂದೇ ಸಾಲಿನಲ್ಲಿ ನೆಟ್ಟಗಿತ್ತು. ಆ ಹೊತ್ತಿನಲ್ಲೂ ನನ್ನ ಮನಸ್ಸಿನೊಳಗೆ ಎಲ್ಲೋ, ಎಷ್ಟು ಚೆನ್ನಾಗಿ ಕೂತಿದ್ದಾರೆ ಎಂದು ಹಾದುಹೋಯಿತು.

ಬಾಗಿಲು ಬಡಿದೆ. ಒಳಗೆ ಬಾಗಿಲು ಬಡಿಯುವುದು ನನ್ನ ಹಳೆಯ ಆಟ ಎಂದು ಪಿ.ಟಿ. ಮಾಸ್ತರಿಗೂ ಗೊತ್ತಿತ್ತು. ಅವರು ತೆರೆಯಲು ತಡಮಾಡಿದರು. ನಾನು ಓಡಿ, ಬ್ಯಾಟರಿಯಿಂದ ಕಂಪ್ಯೂಟರುಗಳಿಗೆ ಹೋಗುವ ಗೋಡೆಯ ಮುಖ್ಯ ಸ್ವಿಚ್ ಎಳೆದೆ. ಪರದೆಗಳೆಲ್ಲ ಒಮ್ಮೆಗೇ ಆರಿದವು. ಕಿಟಕಿಗೆ ಕಪ್ಪು ಹಾಳೆ, ಒಳಗೆ ಕತ್ತಲೆ, ಮೂಲೆಯ ಮೇಜಿನ ಕೆಳಗೆ ಮಾತ್ರ ಬೆಂಕಿಯ ಕೆಂಪು. ಆ ಬೆಳಕಿನಲ್ಲಿ ಕಂಡೆ. ಅವರೆಲ್ಲ ಆರಿಹೋದ ಕಪ್ಪು ಗಾಜನ್ನು ನೋಡುತ್ತಾ ಕೂತಿದ್ದರು. ಕೈ ಮೌಸಿನ ಮೇಲೆ.

ಗಿಣಿಯ ಹತ್ತಿರ ಹೋಗಿ, “ಏಳು, ಏಳು” ಅಂದೆ. ಅವಳಿಗೆ ಅದು ಅವಳ ಕುರ್ಚಿಯ ನಂಬರ್. ರಟ್ಟೆ ಹಿಡಿದು ಎಳೆದೆ, ಕುರ್ಚಿಯೂ ಜೊತೆಗೇ ಬಂತು. ಆಗ ಬಾಗಿಲು ತೆರೆಯಿತು. ಮಾಸ್ತರೂ ನಾನೂ ಒಬ್ಬೊಬ್ಬರನ್ನೇ ಮುಟ್ಟಿ ಎಬ್ಬಿಸಿದೆವು. ಮೈ ಮುಟ್ಟಿದರೆ ಎದ್ದು ತಾವಾಗಿ ನಡೆಯುತ್ತಿದ್ದರು. ಕಾರಿಡಾರಿಗೆ ಬಂದ ಮೇಲೆಯೇ ಕೆಮ್ಮಿದ್ದು. ಅಲ್ಲಿಯವರೆಗೆ ಕೆಮ್ಮನ್ನೂ ಹಿಡಿದಿಟ್ಟುಕೊಂಡಿದ್ದರು.

ಗುಂಡನನ್ನು ಮಾಸ್ತರು ಎತ್ತಿಕೊಂಡು ಬಂದರು. ಮೊಣಕಾಲಿನಿಂದ ಕೆಳಗೆ ಎರಡೂ ಕಾಲು ಸುಟ್ಟಿತ್ತು. ಅವನು ಅಳುತ್ತಿರಲಿಲ್ಲ. ತುಟಿ ಬಿಗಿ ಹಿಡಿದಿದ್ದ.

ಉಳಿದವರಿಗೆ ಏನೂ ಆಗಿಲ್ಲ.

ಫೆಬ್ರವರಿ ೩, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆ. ಗುಂಡನ ಕಾಲುಗಳ ಮೇಲೆ ಬಟ್ಟೆ ತಾಗದ ಹಾಗೆ ತಂತಿಯ ಗೂಡು ಇಟ್ಟಿದ್ದಾರೆ. ನಡೆಯುತ್ತಾನಂತೆ, ಆದರೆ ಮೊದಲಿನ ಹಾಗಲ್ಲ. ಅವನು ಎದುರಿನ ಗೋಡೆಯನ್ನು ನೋಡುತ್ತಾ ಮಲಗಿದ್ದ. ನಾನು ಒಳಗೆ ಬಂದದ್ದು ಗೊತ್ತಾಗಿತ್ತು, ತಿರುಗಲಿಲ್ಲ.

ಅವನಮ್ಮ ಲಾಂಡ್ರಿಯಿಂದ ನೇರ ಬಂದವಳು, ಕೈಗೆ ಇನ್ನೂ ಸೋಪಿನ ವಾಸನೆ. ನನಗೆ ಕುರ್ಚಿ ಕೊಟ್ಟಳು. ಬಯ್ಯಬಹುದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವಳು ಮೆಲ್ಲಗೆ ಹೇಳಿದಳು: “ಬಿಸಿ ತಾಗಿದ್ರೂ ಯಾಕೋ ಏಳ್ಲಿಲ್ಲ ಅಂತ ಕೇಳಿದೆ ಟೀಚರ್. ‘ಟೀಚರೇ ಮಾಡ್ತಿದಾರೆ ಅಂದ್ಕೊಂಡೆ, ಇದೂ ಅಭ್ಯಾಸ ಇರ್ಬೇಕು ಅಂದ್ಕೊಂಡೆ’ ಅಂತಾನೆ.” ಆಮೇಲೆ ಕೇಳಿದಳು: “ನೀವು ಮಾಡ್ತಿದ್ರಾ ಹಾಗೆಲ್ಲ?”

ಬೆಂಕಿ ನಾನು ಯಾವತ್ತೂ ಹಚ್ಚಿಲ್ಲ ಎಂದು ವಿವರಿಸಿದೆ. ಅಭ್ಯಾಸ ಎಲ್ಲಿಗೆ ಮುಗಿಯುತ್ತದೆ, ನಿಜ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಬುದ್ಧಿವಂತ ಹುಡುಗ ಅರ್ಥಮಾಡಿಕೊಳ್ಳಬೇಕಿತ್ತು. ಅದನ್ನು ಅವಳಿಗೆ ಹೇಳಲಿಲ್ಲ, ಹೊತ್ತಲ್ಲದ ಹೊತ್ತು.

ಬರುವಾಗ ಅವನ ತಲೆ ಸವರಲು ಹೋದೆ. ಮುಟ್ಟಿದ ಕೂಡಲೇ ಎದ್ದು ಕೂರಲು ನೋಡಿದ. ಅವನಮ್ಮ ಹಿಡಿದು ಮಲಗಿಸಿದಳು.

ಫೆಬ್ರವರಿ ೧೨, ಬುಧವಾರ

ವಿಚಾರಣೆ ಮುಗಿಯಿತು. ಹಳೆಯ ಬ್ಯಾಟರಿಯ ದೋಷವೆಂದು ತೀರ್ಮಾನ. ಶಾಲೆಯ ತಪ್ಪೇನೂ ಇಲ್ಲ. ಮಾರ್ಚ್‌ನಲ್ಲಿ ಮರುಪರೀಕ್ಷೆ. ಬೇರೆ ಕೋಣೆ, ಹೊಸ ತಂತಿ, ಕಿಟಕಿಗೆ ಅದೇ ಕಪ್ಪು ಹಾಳೆ.

ಪರದೆ ಆರುವವರೆಗೂ ಕ್ಯಾಮೆರಾಗಳು ದಾಖಲಿಸಿದ್ದನ್ನು ಅಧಿಕಾರಿಗಳು ನೋಡಿದರು. ಹೆಡ್‌ಮಾಸ್ತರೂ ನಾನೂ ಹಿಂದೆ ನಿಂತು ನೋಡಿದೆವು. ಸಾಲು ಸಾಲಾಗಿ ಮಕ್ಕಳ ಮುಖ. ಹೊಗೆ ಕತ್ತಿನವರೆಗೆ ಬರುತ್ತದೆ, ಕಣ್ಣಲ್ಲಿ ನೀರು ಇಳಿಯುತ್ತದೆ, ಒಂದೂ ಪರದೆ ಹಳದಿಯಾಗುವುದಿಲ್ಲ. ಆಮೇಲೆ ತರಬೇತಿಯವಳು ನನ್ನನ್ನು ಪಕ್ಕಕ್ಕೆ ಕರೆದು, ಬೇರೆ ಶಾಲೆಗಳಿಗೂ ಬಂದು ಹೇಳಿಕೊಡುತ್ತೀರಾ ಎಂದು ಕೇಳಿದಳು. ಮರುಪರೀಕ್ಷೆ ಆಗಲಿ, ನೋಡೋಣ ಅಂದೆ.

ಆಗಬೇಕಾದದ್ದು ಇನ್ನೊಂದಿದೆ, ಅದನ್ನು ನಾನೇ ಯೋಚಿಸಿದ್ದೇನೆ. ನಿಜವಾಗಿ ಎದ್ದು ಹೋಗಬೇಕಾದ ಹೊತ್ತಿಗೆ ಒಂದು ಪದ ಇರಬೇಕು. ಆಟಕ್ಕೆ ಎಂದೂ ಬಳಸದ ಪದ. ‘ನಿಜ’ ಎಂದೇ ಇಟ್ಟಿದ್ದೇನೆ. ಅದು ಕೇಳಿಸಿದರೆ ಸಾಲಾಗಿ ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಲ್ಲಬೇಕು.

ಊಟದ ಹೊತ್ತಿಗೆ ಇದನ್ನು ಮನೆಯಲ್ಲಿ ಹೇಳಿದೆ. ಅತ್ತೆ ತಟ್ಟೆ ಸರಿಸಿ ಎದ್ದರು. ಇವರು, “ಗಿಣಿಗೆ ಈ ಸಲ ಬೇಡ. ನಮ್ಮಕ್ಕನ ಮನೇಲಿ ಸ್ವಲ್ಪ ದಿನ ಇದ್ದು ಬರ್ಲಿ” ಅಂದರು. ಟೀಚರ್ ಮಗಳೇ ಕೂರದಿದ್ದರೆ ಉಳಿದವರು ಕೂರುತ್ತಾರೆಯೇ ಎಂದು ಕೇಳಿದೆ. ಆಗ ಗಿಣಿ ಮಾತಾಡಿದಳು. ಬಹಳ ದಿನದ ಮೇಲೆ ಅವಳ ದನಿ ಕೇಳಿದ್ದು, ಒಡೆದ ಹಾಗಿತ್ತು.

“ಅಮ್ಮ, ‘ನಿಜ’ ಅನ್ನೋದೂ ಸುಳ್ಳಾದ್ರೆ?”

ಆಗಲ್ಲ ಪುಟ್ಟಿ ಅಂದೆ. ಅವಳು ನನ್ನ ಮುಖವನ್ನು ಎವೆಯಿಕ್ಕದೆ ನೋಡಿದಳು. ಈಗ ಎಲ್ಲವನ್ನೂ ಹಾಗೇ ನೋಡುತ್ತಾಳೆ.

ಫೆಬ್ರವರಿ ೨೦, ಗುರುವಾರ

ಹೊಸ ಕೋಣೆಯಲ್ಲಿ ಮೊದಲ ಪೂರ್ಣ ಅಭ್ಯಾಸ. ಹದಿನೆಂಟನೇ ಕುರ್ಚಿ ಖಾಲಿ. ಉಳಿದವರು ಸ್ವಲ್ಪವೂ ಮರೆತಿಲ್ಲ. ಕೊನೆಯ ಪೀರಿಯಡ್‌ನಲ್ಲಿ, ಸಾಮಾನ್ಯ ದನಿಯಲ್ಲಿ, “ನಿಜ” ಅಂದೆ.

ಎಲ್ಲರೂ ಎದ್ದರು. ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ. ಸಾಲಾಗಿ ಬಾಗಿಲು ದಾಟಿ ಕಾರಿಡಾರಿನಲ್ಲಿ ನಡೆದು ಅಂಗಳಕ್ಕೆ ಹೋಗಿ ನಿಂತರು. ತಳ್ಳಾಟವಿಲ್ಲ, ಹಿಂತಿರುಗಿ ನೋಡುವುದಿಲ್ಲ. ನನ್ನ ಕಣ್ಣು ತುಂಬಿ ಬಂತು. ಇಷ್ಟು ತಿಂಗಳ ಕೆಲಸ.

ಅಷ್ಟರಲ್ಲಿ ಹೆಡ್‌ಮಾಸ್ತರು ಹೇಳಿ ಕಳಿಸಿದರು. ತರಬೇತಿಯವಳ ಫೋನು ಬಂದಿತ್ತು, ಹೊಸ ಕ್ಯಾಮೆರಾಗಳ ವಿಷಯ. ಯಾವ ಯಾವ ಶಾಲೆಗೆ ಯಾವಾಗ ಹೋಗುವುದೆಂದೂ ಮಾತಾಯಿತು. ಚಹಾ ತರಿಸಿದರು. ಸಂಜೆಯ ಗಂಟೆ ಹೊಡೆದದ್ದು, ಬೇರೆ ತರಗತಿಗಳು ಗದ್ದಲ ಮಾಡುತ್ತಾ ಮನೆಗೆ ಹೋದದ್ದು ಕೇಳಿಸಿತು. ಹೊರಗೆ ಬಂದಾಗ ಅಕಾಲದ ಮಳೆ ಬೀಳುತ್ತಿತ್ತು, ಬೆಳಕು ಕಮ್ಮಿಯಾಗಿತ್ತು.

ಅವರು ಅಂಗಳದಲ್ಲೇ ನಿಂತಿದ್ದರು.

ಬಟ್ಟೆ ಮೈಗೆ ಅಂಟಿತ್ತು. ಕೂದಲಿನಿಂದ ನೀರು ಹರಿದು ಕಣ್ಣಿಗೆ ಇಳಿಯುತ್ತಿತ್ತು, ಯಾರೂ ಒರೆಸಿಕೊಂಡಿರಲಿಲ್ಲ. ಪಿ.ಟಿ. ಮಾಸ್ತರು ಇರುವ ಒಂದು ಕೊಡೆಯನ್ನು ಹಿಡಿದುಕೊಂಡು ಸಾಲಿನ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದರು. ಗೇಟಿನ ಬಳಿ ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ಹೆಸರು ಹಿಡಿದು ಕೂಗುತ್ತಿದ್ದರು. “ನಾನು ಹೇಳಿ ಹೇಳಿ ಸಾಕಾಯ್ತು. ನೀವೇ ಏನಾದ್ರೂ ಹೇಳಿ” ಅಂದರು ಮಾಸ್ತರು. ಅವರ ದನಿ ಅಳುವವರ ಹಾಗಿತ್ತು.

“ಗಂಟೆ ಹೊಡೀತು, ಮನೆಗೆ ಹೋಗಿ” ಅಂದೆ. ಅಂದ ಮೇಲೆ ಹೊಳೆಯಿತು, ಚಳಿಗಾಲವೆಲ್ಲ ಅವರನ್ನು ಪರೀಕ್ಷಿಸಲು ಹೇಳಿದ್ದು ಇದೇ ಮಾತು. ಒಬ್ಬರೂ ಕದಲಲಿಲ್ಲ. ಮತ್ತೆ “ನಿಜ” ಅಂದೆ. ಅದಾಗಲೇ ಮುಗಿದಿತ್ತು, ಅವರು ಹೊರಗೇ ಇದ್ದರು.

ಕೊನೆಗೆ ತಂದೆತಾಯಿಯರು ಒಳಗೆ ಬಂದು ಒಬ್ಬೊಬ್ಬರನ್ನೇ ಕೈ ಹಿಡಿದು ಕರೆದುಕೊಂಡು ಹೋದರು. ಮುಟ್ಟಿದರೆ ಬರುತ್ತಾರೆ, ಅದೊಂದು ಪುಣ್ಯ. ನಾನು ಗಿಣಿಯ ಕೈ ಹಿಡಿದೆ. ತಣ್ಣಗಿತ್ತು. ದಾರಿಯುದ್ದಕ್ಕೂ ಬಿಡದೆ ಹಿಡಿದುಕೊಂಡೇ ಬಂದೆ. ಬಾಗಿಲು ತೆಗೆಯಲು ಬಿಟ್ಟಾಗ ಅವಳು ಹೊಸ್ತಿಲ ಹೊರಗೆ ನಿಂತೇ ಇದ್ದಳು. ಅತ್ತೆ ತಡವರಿಸಿಕೊಂಡು ಬಂದು ಅವಳನ್ನು ಒಳಗೆ ಎಳೆದುಕೊಂಡು, ಸೆರಗಿನಲ್ಲಿ ತಲೆ ಒರೆಸುತ್ತಾ ಇದ್ದರು.

ಹೊರಗೆ ಹೋಗುವುದು ಸರಿಯಾಗಿ ಬಂದಿದೆ. ಹಿಂತಿರುಗುವುದಕ್ಕೂ ಒಂದು ಪದ ಬೇಕೆಂದು ನನಗೆ ತೋಚಿರಲಿಲ್ಲ. ನಾಳೆ ಮೊದಲ ಪೀರಿಯಡ್‌ನಲ್ಲೇ ಅದನ್ನು ಕಲಿಸಬೇಕು.